ಗನಿಸಾಬರು ಮತ್ತು ನಾಲ್ಕು ಕೆಂಪು ಚುಕ್ಕಿ

ಅಬ್ದುಲಗನಿ ಸಾಹೇಬರನ್ನು ನಾನು ಮೊದಲು ಕಂಡದ್ದು ಮೂರು ವರ್ಷದ ಹಿಂದೆ, ಆಷಾಢದಲ್ಲಿ. ಆಲಮೇಲದಿಂದ ಸಿಂದಗಿಗೆ ಬೆಳಗಿನ ಎರಡನೇ ಬಸ್ಸಿಗೆ ಹೋಗಿದ್ದೆ. ಅಂದು ಅವರು ಕೆಲಸ ಮಾಡುತ್ತಿರಲಿಲ್ಲ. ಬಜಾರದಲ್ಲಿ ಒಂದು ಮನೆಯ ಮೆಟ್ಟಿಲ ಕೆಳಗೆ, ಒಂದು ಹೊರಸು ಹಾಕುವಷ್ಟು ಅಗಲದ ಅಂಗಡಿಯಲ್ಲಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಮುಂದಿನ ಮೇಜಿನ ಮೇಲೆ ಐದು ಗಾಜಿನ ಲೋಟ ಬೋರಲು ಹಾಕಿದ್ದರು. ಒಂದೊಂದು ಲೋಟದ ಕೆಳಗೆ ಒಂದೊಂದು ಬಿಚ್ಚಿದ ವಾಚು.

ನಾನು ಬಾಯಿ ತೆರೆಯುವ ಮೊದಲೇ ಅಂದರು: "ಇವತ್ತ ಗಾಳಿ ಐತ್ರಿ ಅಕ್ಕಾರ. ಗಾಳಿ ಇದ್ದ ದಿನ ನಾ ವಾಚ್ ಬಿಚ್ಚೂದಿಲ್ಲ. ಧೂಳ ಹೋಗತೈತಿ. ನಾಳೆ ಬರ್ರಿ."

"ನಾಳೆ ಗಾಳಿ ಇರೂದಿಲ್ಲಂತ ಯಾರ ಹೇಳ್ಯಾರ್ರಿ?"

"ಯಾರೂ ಹೇಳಿಲ್ರಿ. ಇದ್ರ ನಾಡದ ಬರ್ರಿ."

ಸಿಟ್ಟು ಬರಬೇಕಿತ್ತು, ನನಗೆ ನಗು ಬಂತು. ಎರಡು ದಿನದ ಮೊದಲು ಬೇರೊಂದು ಊರಿನ ಅಂಗಡಿಯವನು ನನ್ನ ಸೆರಗಿನಲ್ಲಿದ್ದ ಇದೇ ವಾಚನ್ನು ನಿಂತಲ್ಲೇ ತಿರುಗಿಸಿ ನೋಡಿ, "ಇದರಾಗಿಂದೆಲ್ಲಾ ತಗದ ಒಗದು ಸೆಲ್ ಮಷೀನ್ ಹಾಕೂಣು, ಗಾಜು ಹೊಸಾದು, ಮುಖಾನೂ ಹೊಸಾದು, ಅರ್ಧ ತಾಸಿನ ಕೆಲಸ" ಅಂದಿದ್ದ. ಇಲ್ಲಿ ನೋಡಿದರೆ ಗಾಳಿ ನಿಲ್ಲಲಿ ಎಂದು ಕೈಕಟ್ಟಿ ಕುಳಿತ ಮನುಷ್ಯ.

"ಬಿಚ್ಚೂದ ಬ್ಯಾಡ್ರಿ, ನೋಡ್ರಿ ಸಾಕು" ಎಂದು ಸೆರಗಿನ ಗಂಟು ಬಿಚ್ಚಿ ವಾಚು ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ಏನು ಕೆಟ್ಟಿದೆ ಎಂದು ಕೇಳಲಿಲ್ಲ. ಎಷ್ಟು ವರ್ಷದ್ದು ಎಂದೂ ಕೇಳಲಿಲ್ಲ.

"ಇದನ್ನ ಕಟ್ಟೋರು ಯಾರ್ರಿ?" ಅಂದರು.

ಈ ಮಾತನ್ನು ಅವರು ಎಲ್ಲರಿಗೂ ಮೊದಲು ಕೇಳುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಒಬ್ಬ ದೊಡ್ಡ ಮನೆಯವರು ತಮ್ಮ ಮುತ್ತ್ಯಾನ ವಾಚಿಗೆ ಬಂಗಾರದ ನೀರು ಹಾಕಿಸಿ ಕಪಾಟಿನಲ್ಲಿ ಇಡಬೇಕು ಎಂದು ಬಂದಾಗ, "ಕಪಾಟಿಗೆ ಎಷ್ಟ ಗಂಟೆ ಆದ್ರೇನ್ರಿ?" ಎಂದು ತಿರುಗಿ ಕಳಿಸಿದ್ದರಂತೆ. ಅವರ ಎಣಿಕೆ ಅಷ್ಟೇ. ಕಟ್ಟುವ ಕೈ ಇದ್ದರೆ ರಿಪೇರಿ, ಇಲ್ಲದಿದ್ದರೆ ಇಲ್ಲ.

ನಾನು ಹೇಳಿದೆ: "ನನ್ನ ಮೊಮ್ಮಗಳು ಪ್ರಜ್ಞಾ. ನರ್ಸ್ ಕಲತಾಳ. ಮುದ್ದೇಬಿಹಾಳದಾಗ ಕೆಲಸ ಸಿಕ್ಕೈತಿ. ನಾಡಿ ಎಣಸಾಕ ಸೆಕೆಂಡಿನ ಮುಳ್ಳಿನ ವಾಚ್ ಬೇಕಂತ. ಅಜ್ಜಂದ ಕಟ್ತೀನಿ ಅಂತಾಳ."

"ಹಂಗಂದ್ರ ಆತು ನೋಡ್ರಿ" ಎಂದು ವಾಚನ್ನು ಬೆಳಕಿಗೆ ಹಿಡಿದರು. "ಈ ಕೆಂಪು ಚುಕ್ಕಿ ಏನ್ರಿ?"

ಅದು ನನ್ನ ಯಜಮಾನರು ರಾವಸಾಬರ ವಾಚು. ದಿನಾ ಚಾವಿ ಕೊಡುವ ಎಚ್.ಎಂ.ಟಿ. ಗಾಜಿನ ಮೇಲೆ ಹನ್ನೆರಡು, ಮೂರು, ಆರು, ಒಂಬತ್ತು, ಈ ನಾಲ್ಕು ಜಾಗದಲ್ಲಿ ಜೋಳದ ಕಾಳಿನ ಅರ್ಧದಷ್ಟು ನಾಲ್ಕು ಕೆಂಪು ಚುಕ್ಕಿ. ರಾವಸಾಬರು ಭೀಮಾ ನದಿಯ ದಂಡೆಯ ಮೇಲಿನ ಪಂಪಿನ ಮನೆಯಲ್ಲಿ ಇಪ್ಪತ್ತಾರು ವರ್ಷ ಇದ್ದರು. ಹೊಳೆಯ ನೀರನ್ನು ಎತ್ತಿ ಹನ್ನೆರಡು ಮನೆತನದ ಹೊಲಗಳಿಗೆ ಪಾಳಿಯಂತೆ ಬಿಡುವ ಕೆಲಸ. ಒಂದು ಪಾಳಿ ಮೂರು ತಾಸು. ಒಬ್ಬರದು ಮುಗಿದು ಇನ್ನೊಬ್ಬರ ಹೊಲಕ್ಕೆ ತಿರುಗಿಸುವಾಗಲೇ ಜಗಳ. ರಾವಸಾಬರು "ಮುಗೀತು" ಅಂದರೆ "ಹೇಳಾಂವ ನೀ ಯಾರಲೇ?" ಅನ್ನುವವರಿದ್ದರು. ನಾವು ಊರ ಹೊರಗಿನ ಓಣಿಯವರು. ವಾಚಿಗೆ ಹಾಗೆ ಅನ್ನಲು ಯಾರಿಗೂ ಬರುತ್ತಿರಲಿಲ್ಲ. ಆದರೆ ರಾವಸಾಬರ ಕೈ ಹಿಡಿದು ಹತ್ತಿರದಿಂದ ನೋಡುವವರೂ ಅವರಲ್ಲ. ಅದಕ್ಕೆ ರಾವಸಾಬರು ಬಳೆಗಾರ್ತಿಯಿಂದ ಉಗುರಿನ ಬಣ್ಣ ತಂದು, ಕಸಬರಿಗೆ ಕಡ್ಡಿಯಿಂದ ಗಾಜಿನ ಮೇಲೆ ಚುಕ್ಕಿ ಇಟ್ಟರು. ಸಣ್ಣ ಮುಳ್ಳು ಚುಕ್ಕಿಯ ಕೆಳಗೆ ಬಂದರೆ ಪಾಳಿ ಮುಗಿಯಿತು. ಮಾರು ದೂರದಿಂದಲೂ ಕಾಣುತ್ತಿತ್ತು, ಓದು ಬಾರದವರಿಗೂ ತಿಳಿಯುತ್ತಿತ್ತು. ಆಮೇಲೆ ಪಾಳಿಯ ಜಗಳ ಆಗಲಿಲ್ಲ.

ಇಷ್ಟನ್ನೂ ಹೇಳಿದೆ. ಗನಿಸಾಬರು ತಲೆಯ ಟೋಪಿ ಸರಿ ಮಾಡಿಕೊಂಡು, "ಗಾಜ್ ಬದಲಿ ಮಾಡೂದಿಲ್ಲ ಬಿಡ್ರಿ ಹಂಗಾದ್ರ" ಅಂದರು.

ಮತ್ತೆ ವಾಚನ್ನು ಕಿವಿಗೆ ಹಿಡಿದರು. ಆಮೇಲೆ ಮೂಗಿಗೆ ಹಿಡಿದರು. ವಾಚನ್ನು ಮೂಸಿ ನೋಡುವವರನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

"ಬೂದಿ ವಾಸನಿ ಎಲ್ಲಿಂದ ಬಂತ್ರಿ?"

ರಾವಸಾಬರು ಹೋಗಿ ಆಗ ಹನ್ನೊಂದು ವರ್ಷ. ವಾಚು ಕೆಡಬಾರದು ಎಂದು ನಾನು ಅದನ್ನು ಬೀಜದ ಹೆಸರುಕಾಳಿನ ಡಬ್ಬಿಯಲ್ಲಿ ಇಟ್ಟಿದ್ದೆ. ಕಾಳಿಗೆ ನುಸಿ ಹತ್ತದಂತೆ, ತೇವ ಹಿಡಿಯದಂತೆ ಜರಡಿ ಹಿಡಿದ ಬೂದಿ ಕಲಸಿರುತ್ತೇವೆ. ಬೀಜವನ್ನು ಕಾಯುವ ಬೂದಿ ವಾಚನ್ನೂ ಕಾದೀತು ಎಂದುಕೊಂಡಿದ್ದೆ. ಅಷ್ಟೇ ಅಲ್ಲ, ಪ್ರತಿ ಹುಣ್ಣಿಮೆಗೆ ಹೊರಗೆ ತೆಗೆದು, ಒರೆಸಿ, ಚಾವಿ ಕೊಟ್ಟು, ಒಂದು ದಿನ ನಡೆಸಿ ಮತ್ತೆ ಒಳಗೆ ಇಡುತ್ತಿದ್ದೆ. ಒಂಬತ್ತನೇ ವರ್ಷಕ್ಕೆ ಅದು ನಿಂತಿತು.

ಕೇಳಿ ಅವರು ನಗಲಿಲ್ಲ. "ಗಾಳಿ ನಿಲ್ಲಲಿ, ನೋಡ್ತೀನಿ" ಅಂದರು.

ಗಾಳಿ ನಿಂತದ್ದು ನಾಲ್ಕನೆಯ ದಿನ. ನಾನು ಹೋದಾಗ ನನ್ನ ವಾಚು ಬಿಚ್ಚಿ ಲೋಟದ ಕೆಳಗಿತ್ತು. ಪಕ್ಕದಲ್ಲಿ ಬಿಳಿ ಕಾಗದದ ಮೇಲೆ ಚಿಟಿಕೆಯಷ್ಟು ಬೂದಿ. ಎಷ್ಟೋ ಅಂಗಡಿಯವರು ಇಂಥ ಕಡೆ ಸುಳ್ಳು ಸಮಾಧಾನ ಹೇಳುತ್ತಾರೆ. ನಾನು ನೇರವಾಗಿ ಕೇಳಿದೆ, "ಇದನ್ನ ನಾನ ಕೆಡಿಸೀನೇನ್ರಿ?"

"ಹೌದ್ರಿ, ನೀವ ಕೆಡಿಸೀರಿ" ಅಂದರು. "ಬೂದ್ಯಾಗ ಇಟ್ಟದ್ದು ಅರ್ಧ ತಪ್ಪು. ಹುಣ್ಣಿವಿಗೊಮ್ಮಿ ನಡಿಸಿದ್ದು ಪೂರಾ ತಪ್ಪು. ಉಸುಕ ಹಾಕಿ ಬೀಸೂಕಲ್ಲ ತಿರುವಿದಂಗ ಆಗೈತಿ. ಒಳಗ ಅತ್ತಿತ್ತ ತೂಗೂ ಚಕ್ರ ಒಂದ ಐತಿ ನೋಡ್ರಿ, ಅದರ ಕಡ್ಡಿ ಸವದೈತಿ."

ಅವರು ಬೂದಿಯ ಕಾಗದ ಮಡಚಿ ಬದಿಗಿಟ್ಟು, "ಮಂದಿ ಸತ್ತವರ ವಾಚ್ ಮಳಿ ಡಬ್ಬ್ಯಾಗ, ಬೀಗದಕೈ ಕೂಡ ಒಗದಿರತಾರ" ಅಂದರು. "ಬೀಜದಾಗ ಇಟ್ಟವರನ್ನ ಈಗ ನೋಡಿದೆ."

ಮಳಿ ಅಂದರೆ ಮೊಳೆ. ಅವರ ಅಂಗಡಿಗೆ ಮೊಳೆಯ ಡಬ್ಬಿಯಿಂದ ಬಂದ ವಾಚುಗಳು ಬಹಳ ಇದ್ದವು.

ಆಮೇಲೆ ದಾರಿಗಳನ್ನು ಹೇಳಿದರು. ಒಂದು, ಒಳಗಿನದೆಲ್ಲ ತೆಗೆದು ಸೆಲ್ ಮಷೀನು ಹಾಕುವುದು. ಒಂದೇ ದಿನದ ಕೆಲಸ, ಸಮಯ ತಪ್ಪುವುದಿಲ್ಲ. ಎರಡು, ಇದೇ ತರಹದ ಹಳೆಯ ವಾಚು ಹುಡುಕಿ, ಅದರ ಚಕ್ರ ತೆಗೆದು ಇದಕ್ಕೆ ಕೂಡಿಸುವುದು. ಎಷ್ಟು ತಿಂಗಳು ಹಿಡಿಯುತ್ತದೋ ಹೇಳಲು ಬರುವುದಿಲ್ಲ. ಅದೂ ಬೇಡವಾದರೆ ಬೂದಿ ತೆಗೆದು, ಮುಚ್ಚಿ, ಹಾಗೇ ಕೊಡುತ್ತೇನೆ ಅಂದರು.

ನಾನು ಏನೋ ಹೇಳಹೋದೆ. ಅವರು ಕೈ ಅಡ್ಡ ಮಾಡಿದರು. "ಇವತ್ತ ಹೇಳಿದ್ರ ನಾ ಕೇಳಂಗಿಲ್ರಿ. ಎಂಟ ದಿನ ವಿಚಾರ ಮಾಡಿ ಬರ್ರಿ. ಒಮ್ಮಿ ತಗದ ಒಗದ್ರ ತಿರಗಿ ಬರೂದಿಲ್ಲದು."

ಮನೆಯಲ್ಲಿ ಮಾತು ಹತ್ತಿಕೊಂಡಿತು. ನನ್ನ ಮಗ ಅನಿಲಕುಮಾರ ಸಾಲಿಯಲ್ಲಿ ಮಾಸ್ತರ. ಎಲ್ಲದಕ್ಕೂ ಒಂದು ಲೆಕ್ಕ ಇರಬೇಕು ಅವನಿಗೆ.

"ಅವ್ವಾ, ಸೆಲ್ ಹಾಕಿಸಿಬಿಡು. ಹೊರಗ ಅಪ್ಪಂದ, ಒಳಗ ಹೊಸಾದು. ಯಾರಿಗೆ ಗೊತ್ತಾಗತೈತಿ?"

ಪ್ರಜ್ಞಾ ರೊಟ್ಟಿ ತಿನ್ನುತ್ತಿದ್ದವಳು ಅಲ್ಲಿಂದಲೇ ಅಂದಳು, "ಅಪ್ಪಾ, ನಿನ್ನ ಹಲ್ಲ ಕಿತ್ತು ಹೊಸಾವ ಕೂಡಿಸಿದ್ರ ನೀ ನಮ್ಮಪ್ಪನ. ಹೊಟ್ಟ್ಯಾಗಿಂದೆಲ್ಲಾ ತಗದು ಹತ್ತಿ ತುಂಬಿದ್ರ?"

"ನೋಡವ್ವಾ ನಿನ್ನ ಮೊಮ್ಮಗಳ ಮಾತು! ನರ್ಸ್ ಕಲಿಸಿದ್ದು ತಪ್ಪಾತು."

"ತಪ್ಪ ಆಗಿದ್ರ ನಿನ್ನ ಬಿಪಿ ಯಾರ ನೋಡ್ತಿದ್ರು?"

ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಸಂಕಟ ಬೇರೆ ಇತ್ತು. ರಾವಸಾಬರಿಗೆ ಊರಲ್ಲಿ ಇದ್ದ ಮರ್ಯಾದೆ ಒಂದೇ, ಅವರ ವಾಚು ಸುಳ್ಳು ಹೇಳುವುದಿಲ್ಲ ಎಂಬುದು. ಈಗ ಅದೇ ವಾಚು ನೋಡಿ ಮೊಮ್ಮಗಳು ರೋಗಿಯ ನಾಡಿ ಎಣಿಸುತ್ತಾಳೆ. ಹಳೆಯ ಚಕ್ರ ಹಾಕಿದ ಮೇಲೆ ಅದು ತಪ್ಪಿ ನಡೆದರೆ? ರೋಗಿಗೆ ಅನ್ಯಾಯ, ರಾವಸಾಬರ ಹೆಸರಿಗೂ ಅನ್ಯಾಯ. ಸೆಲ್ ಹಾಕಿಸಿದರೆ ಸಮಯ ಸರಿ, ಆದರೆ ಇಪ್ಪತ್ತಾರು ವರ್ಷ ನೀರು ಹಂಚಿದ ವಾಚು ಅದಲ್ಲ. ಎಂಟು ದಿನವೂ ಇದನ್ನೇ ಅಳೆದೆ. ಕೈ ಕಾಳು ಹಸನು ಮಾಡುತ್ತಿತ್ತು, ತಲೆಯಲ್ಲಿ ಇದೇ.

ಎಂಟನೆಯ ದಿನ ಹೋಗಿ ಗನಿಸಾಬರಿಗೆ ಕೇಳಿದೆ, "ಇದ್ದದ್ದ ರಿಪೇರಿ ಮಾಡಿದ್ರ ಸುಳ್ಳ ಹೇಳತೈತೇನ್ರಿ?"

"ಹೇಳತೈತ್ರಿ" ಅಂದರು. "ದಿನಾ ಅರ್ಧ ನಿಮಿಷ, ಭಾಳಂದ್ರ ಪೌಣ ನಿಮಿಷ, ಅಂದ್ರ ಮುಕ್ಕಾಲು ನಿಮಿಷ, ಹಿಂದ ಮುಂದ ಆಗತೈತಿ. ಹಳೇದು ಅದು. ಸೆಲ್ಲಿನಂಗ ನಡೀತೈತಿ ಅಂದ್ರ ನಾ ಸುಳ್ಳ ಹೇಳಿದಂಗ."

ನನ್ನ ಮುಖ ನೋಡಿ ಮತ್ತೆ ಅವರೇ ಕೇಳಿದರು, "ಅಕ್ಕಾರ, ಒಂದ ಚೀಲ ಜ್ವಾಳದಾಗ ಒಂದ ಹಿಡಿ ಕಡಿಮಿ ಬಂದ್ರ, ಒಂದ ರೊಟ್ಟಿಗೆ ಎಷ್ಟ ಕಡಿಮಿ ಆದೀತು?"

"ಏನೂ ಆಗೂದಿಲ್ಲ. ಗೊತ್ತೂ ಆಗೂದಿಲ್ಲ."

"ಪೌಣ ನಿಮಿಷ ಅನ್ನೂದು ಇಡೀ ದಿನದ ಚೀಲದಾಗ. ನಿಮ್ಮ ಹುಡಿಗಿ ನಾಡಿ ಎಣಸೂದು ಒಂದ ನಿಮಿಷ. ಒಂದ ರೊಟ್ಟಿ. ಮುಂಜಾನೆ ಎದ್ದು ಚಾವಿ ಕೊಟ್ಟು ಟೈಮ್ ಹಚ್ಚಿಕೊಂಡ್ರ ಆತು, ಚೀಲಾನೂ ತುಂಬತೈತಿ."

ಓದಿದ ಮಗನಿಗೆ ಎಂಟು ದಿನ ನನಗೆ ತಿಳಿಸಲು ಆಗದ್ದನ್ನು ಅವರು ಒಂದು ರೊಟ್ಟಿಯಲ್ಲಿ ತಿಳಿಸಿದರು. "ಹಂಗಾದ್ರ ಇದ್ದದ್ದನ್ನ ಮಾಡ್ರಿ" ಅಂದೆ. "ಮುಖಾ ಮುಟ್ಟಬ್ಯಾಡ್ರಿ, ಗಾಜ್ ಮುಟ್ಟಬ್ಯಾಡ್ರಿ."

ಪ್ರಜ್ಞಾ ಒಂದು ಪ್ಲಾಸ್ಟಿಕ್ ವಾಚು ಕಟ್ಟಿಕೊಂಡು ಮುದ್ದೇಬಿಹಾಳಕ್ಕೆ ಹೋದಳು. ಗನಿಸಾಬರು ಚಕ್ರ ಹುಡುಕತೊಡಗಿದರು. ತಾವು ಕೆಲಸ ಕಲಿತ ತಾಳಿಕೋಟೆಗೆ ಹೋಗಿ ಬಂದರು, ಸಿಗಲಿಲ್ಲ. ಬಾಗೇವಾಡಿಯಲ್ಲಿ ಸಿಕ್ಕದ್ದು ಹೊಂದಲಿಲ್ಲ. ದಸರೆಯ ಹೊತ್ತಿಗೆ ಇಂಡಿಯಲ್ಲಿ, ಅಂಗಡಿ ಮುಚ್ಚಿದ ಹಳೆಯ ರಿಪೇರಿಯವರೊಬ್ಬರ ಮನೆಯ ಡಬ್ಬಿಯಲ್ಲಿ ಸಿಕ್ಕಿತು. ಅವರು ಇದನ್ನೆಲ್ಲ ಹೇಳಿಕೊಂಡವರಲ್ಲ. ಬಸ್ಸಿನ ಚೀಟಿಗಳನ್ನು ಸುರುಳಿ ಸುತ್ತಿ ಎಣ್ಣೆ ಹನಿಸಲು ಇಟ್ಟುಕೊಂಡಿದ್ದರು. ಅವುಗಳ ಮೇಲಿನ ಊರು ಕೂಡಿಸಿ ಓದಿ, ಉಳಿದದ್ದನ್ನು ಕೇಳಿ ಕೇಳಿ ನಾನು ತಿಳಿದುಕೊಂಡೆ.

ಚಕ್ರ ಕೂಡಿಸುವ ದಿನ ನಾನು ಅಂಗಡಿಯಲ್ಲಿದ್ದೆ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಉಸಿರು ಹಿಡಿದು ಕುಳಿತಿದ್ದವರು ಒಮ್ಮೆಲೇ "ಯಾ ಅಲ್ಲಾ" ಅಂದರು. ಸ್ಕ್ರೂ ಒಂದು ನೆಲಕ್ಕೆ ಬಿದ್ದಿತ್ತು. ಸಾಸಿವೆಯ ಕಾಲು ಭಾಗದಷ್ಟು.

"ಬೆರಳ ಜಾರಿತ್ರಿ" ಅಂದರು, ಕಸಬರಿಗೆಗೆ ಕೈ ಹಾಕುತ್ತ.

"ಕಸಬರಿಗಿ ಮುಟ್ಟಬ್ಯಾಡ್ರಿ, ಗನಿಸಾಬ್ರ. ಒಂದ ತಾಟ್ ಕೊಡ್ರಿ."

ಅಂಗಡಿಯ ನೆಲದ ಧೂಳನ್ನು ಸೆರಗಿನ ತುದಿಯಿಂದ ಗೇಣು ಗೇಣು ಬಳಿದು ತಾಟಿಗೆ ಹಾಕಿಕೊಂಡೆ. ಕಾಳಿನಲ್ಲಿ ಹರಳು ಆರಿಸುವ ರೀತಿ ಇದು. ತಾಟನ್ನು ಓರೆ ಹಿಡಿದು ಅಂಚಿಗೆ ಬೆರಳಿನಿಂದ ತಟ್ಟುತ್ತ ಹೋದರೆ ಹಗುರಾದದ್ದು ಮುಂದೆ ಸರಿಯುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಏಳನೆಯ ತಾಟಿನಲ್ಲಿ ಸ್ಕ್ರೂ ಸಿಕ್ಕಿತು. ಅದರ ಜೊತೆ ಬೇರೆ ಮೂರು.

"ಇದು ಯಾವ ಕಾಲದ್ದೋ!" ಎಂದು ಒಂದನ್ನು ಬೆಳಕಿಗೆ ಹಿಡಿದು ನಕ್ಕರು. "ಐವತ್ತ ವರ್ಷ ಕಸದಾಗ ಎಷ್ಟ ಒಗದೀನೋ ಅಕ್ಕಾರ. ನೀವು ಮೊದಲ ಬರಬೇಕಿತ್ತು."

"ಮೊದಲ ಬಂದಿದ್ರ ಗಾಳಿ ಐತಿ, ನಾಳೆ ಬಾ ಅಂತಿದ್ರಿ."

ಆ ದಿನ ಚಹಾ ತರಿಸಿದರು. ಅವರು ಕಪ್ಪು ಎತ್ತುವಾಗ ಬಸಿಯಲ್ಲಿ ಕಿಣಿಕಿಣಿ ಸಪ್ಪಳವಾಯಿತು. ನಾನು ಕೇಳಿಯೂ ಲಕ್ಷ್ಯ ಕೊಡಲಿಲ್ಲ.

ವಾಚು ನಡೆಯಿತು. ಆದರೂ ಕೊಡಲಿಲ್ಲ. ಇಪ್ಪತ್ತೊಂದು ದಿನ ನೋಡಬೇಕು ಅಂದರು. ರೇಡಿಯೊದಲ್ಲಿ ಸುದ್ದಿಯ ಮುಂಚೆ ಪಿಕ್ ಪಿಕ್ ಎಂದು ಬರುತ್ತದಲ್ಲ, ಅದಕ್ಕೆ ದಿನಾ ಹಿಡಿದು ನೋಡುತ್ತಿದ್ದರು. ನೆಟ್ಟಗೆ ಇಟ್ಟು ಏಳು ದಿನ, ಬೋರಲು ಇಟ್ಟು ಏಳು ದಿನ, ತಾವೇ ಕೈಗೆ ಕಟ್ಟಿಕೊಂಡು ಏಳು ದಿನ.

ಆ ಇಪ್ಪತ್ತೊಂದು ದಿನ ಮುಗಿದ ಮರುದಿನ ಅವರೇ ಆಲಮೇಲಕ್ಕೆ ಬಂದರು. ಮಧ್ಯಾಹ್ನ. ಬಸ್‌ಸ್ಟ್ಯಾಂಡಿನಿಂದ ಕೇಳುತ್ತ ಕೇಳುತ್ತ ನಮ್ಮ ಓಣಿಗೆ ನಡೆದು ಬಂದಿದ್ದರು. ಕೊಡೆ ಮಡಿಚಿ ಬಾಗಿಲಲ್ಲಿ ನಿಂತು, "ಮೊದಲ ನೀರ್ ಕೊಡ್ರಿ ಅಕ್ಕಾರ" ಅಂದರು. ನಮ್ಮ ಕೊಡದ ನೀರನ್ನು ಒಂದು ತಂಬಿಗೆ ಪೂರಾ ಕುಡಿದರು. ಆಮೇಲೆ ಕುಳಿತು ಹೇಳಿದರು.

"ನಾ ಒಂದ ತಪ್ಪ ಮಾಡೀನ್ರಿ. ನಿನ್ನೆ, ಕೊಡೂಕಿಂತ ಮೊದಲ ಗಾಜಿನ ಅಂಚ ಒರಸೂಣಂತ ಪೆಟ್ರೋಲ್ ತಗೊಂಡೆ. ಒಂದ ಹನಿ ಮ್ಯಾಲ ಬಿತ್ತು. ಮೂರರ ಮ್ಯಾಲಿನ ಚುಕ್ಕಿ ಹೋತು."

ವಾಚನ್ನು ಮುಂದಿಟ್ಟರು. ಟಿಕ್ ಟಿಕ್ ನಡೆಯುತ್ತಿತ್ತು. ಹನ್ನೆರಡು, ಆರು, ಒಂಬತ್ತು ಇದ್ದವು. ಮೂರರ ಜಾಗದಲ್ಲಿ ಬರಿಯ ಗಾಜು.

ಹನ್ನೊಂದು ವರ್ಷ ಬೂದಿಯೂ ಅಳಿಸದೆ ಉಳಿದದ್ದು. ನನಗೆ ಸಿಟ್ಟು ಬಂತು. ಅವರು ತಲೆ ತಗ್ಗಿಸಿ ಕುಳಿತಿದ್ದರು.

"ನಮ್ಮ ಅಂಗಡಿ ಬಾಜೂಕ ಬಳಿಗಾರ್ತಿ ಅಂಗಡಿ ಐತ್ರಿ. ಅಲ್ಲಿಂದ ಬಣ್ಣ ತಂದು ಇಟ್ಟಬಿಟ್ಟಿದ್ರ ನಿಮಗ ಗೊತ್ತ ಆಗತಿರಲಿಲ್ಲ. ಆದ್ರ ರಾವಸಾಬ್ರ ಚುಕ್ಕಿ ಅಂತ ಹೇಳಿ ನಾ ನನ್ನ ಚುಕ್ಕಿ ಕೊಟ್ಟಂಗ ಆಗತಿತ್ತು."

ಆ ಮಾತಿಗೆ ನನ್ನ ಸಿಟ್ಟು ಇಳಿಯಿತು. ಇಂಥದೇ ಒಬ್ಬ ಮನುಷ್ಯನ ಜೊತೆ ಬಾಳಿದವಳು ನಾನು. ಒಂದು ಸಲ ರಾವಸಾಬರು ಜೊಂಪು ಹತ್ತಿ ಒಬ್ಬರ ಪಾಳಿಗೆ ಹತ್ತು ನಿಮಿಷ ತಡಮಾಡಿದ್ದರು. ಆ ಹೊಲದವರಿಗೆ ಅದು ತಿಳಿದೇ ಇರಲಿಲ್ಲ. ತಾವೇ ಅವರ ಮನೆಯ ಮುಂದೆ ನಿಂತು ಹೇಳಿ, ಬೈಸಿಕೊಂಡು ಬಂದಿದ್ದರು.

"ಮೂರ ಉಳದಾವಲ್ರಿ" ಅಂದೆ. "ಊಟಾ ಮಾಡಿ ಹೋಗ್ರಿ."

ರೊಟ್ಟಿ, ಬದನೆಕಾಯಿ ಪಲ್ಯ ಉಂಡರು. ಪ್ರಜ್ಞಾಳಿಗೆ ಫೋನು ಹಚ್ಚಿ ಕೇಳಿದೆವು, ಹೊಸ ಗಾಜು ಹಾಕಿಸಬೇಕೋ, ಖಾಲಿ ಬಿಡಬೇಕೋ, ಚುಕ್ಕಿ ಇಡಬೇಕೋ ಎಂದು. "ಆಯೀ, ಅಜ್ಜ ಹೋದ ಮ್ಯಾಲ ಅವನ ಕೆಲಸ ಎಲ್ಲಾ ಯಾರ ಮಾಡ್ಯಾರ?" ಅಂದಳು. "ನೀ ಹೆಂಗ ಅಂತಿ ಹಂಗ." ಗನಿಸಾಬರು ಅದನ್ನು ಕೇಳಿಸಿಕೊಂಡರು. ವಾಚನ್ನು ಮತ್ತೆ ಕಿಸೆಗೆ ಹಾಕಿಕೊಂಡು, "ನಾಡದ ಅಂಗಡಿಗೆ ಬರ್ರಿ" ಎಂದು ಹೊರಟರು.

ಆ ವಾಚು ಈಗ ಮುದ್ದೇಬಿಹಾಳದಲ್ಲಿ ಪ್ರಜ್ಞಾಳ ಎಡಗೈಯಲ್ಲಿದೆ. ದಿನಕ್ಕೆ ನಲವತ್ತು ಸೆಕೆಂಡು ಹಿಂದೆ ಬೀಳುತ್ತದೆ. ಮುಂಜಾನೆ ಚಾವಿ ಕೊಟ್ಟು ಸರಿ ಮಾಡಿಕೊಳ್ಳುತ್ತಾಳೆ. ಚುಕ್ಕಿ ಯಾಕೆ ಎಂದು ರೋಗಿಗಳು ಕೇಳುತ್ತಾರಂತೆ. ಹೇಳುತ್ತಾಳಂತೆ, ಕೈ ಹಿಡಿದುಕೊಂಡೇ.

ಗನಿಸಾಬರು ಆ ತಿಂಗಳೇ ಅಂಗಡಿಗೆ ಕೀಲಿ ಹಾಕಿ ತಾಳಿಕೋಟೆಗೆ ಮಗಳು ರಾಜಬಿಯ ಮನೆಗೆ ಹೋದರು. ಹೋದ ವರ್ಷ ಚಳಿಯಲ್ಲಿ ತೀರಿಕೊಂಡರು. ನಾನು ಮಾತನಾಡಿಸಲು ಹೋದಾಗ ರಾಜಬಿ ಐದು ಗಾಜಿನ ಲೋಟಗಳನ್ನು ತೋರಿಸಿದಳು. ಅಪ್ಪ ಕೊನೆಗೆ ಬಿಚ್ಚಿದ್ದು ನಮ್ಮ ವಾಚೇ ಅಂದಳು. ಯಾಕೆ ಅಂಗಡಿ ಮುಚ್ಚಿದರು ಎಂದು ಅವಳಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ನನಗೆ ಅದು ಗೊತ್ತಾದದ್ದು ಅವರು ಬರ್ರಿ ಅಂದಿದ್ದ ಆ ನಾಡಿದ್ದು, ಅವರ ಅಂಗಡಿಯಲ್ಲಿ.

ಅಂದು ಗಾಳಿ ಇರಲಿಲ್ಲ. ಮೇಜಿನ ಮೇಲೆ ಒಂದೇ ಲೋಟ, ಅದರ ಕೆಳಗೆ ನಮ್ಮ ವಾಚು. ಪಕ್ಕದಲ್ಲಿ ಕೆಂಪು ಬಣ್ಣದ ಸಣ್ಣ ಸೀಸೆ, ತುದಿ ಹೆರೆದು ಸಣ್ಣಗೆ ಮಾಡಿದ ಒಂದು ಕಸಬರಿಗೆ ಕಡ್ಡಿ. "ಖಾಲಿ ಬಿಡೂದು ಬ್ಯಾಡ್ರಿ, ಇಡ್ರಿ" ಎಂದು ನಾನೇ ಹೇಳಿದೆ. ಗನಿಸಾಬರು ಲೋಟ ಎತ್ತಿಟ್ಟರು. ಕಡ್ಡಿಯನ್ನು ಬಣ್ಣದಲ್ಲಿ ಅದ್ದಿ ಮೂರರ ಮೇಲೆ ತಂದರು. ಕಡ್ಡಿಯ ತುದಿ ಗಾಜಿಗೆ ತಾಗಲಿಲ್ಲ, ಒಂದು ಬೆರಳು ಮೇಲೆ ನಿಂತು ಗುಂಡಗೆ ಸುತ್ತುತ್ತಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರು. ಆಗಲೂ ನಿಲ್ಲಲಿಲ್ಲ. ಬಸಿಯ ಸಪ್ಪಳ, ಬಿದ್ದ ಸ್ಕ್ರೂ, ಪೆಟ್ರೋಲಿನ ಹನಿ, ಮೂರೂ ನನಗೆ ಒಮ್ಮೆಲೇ ನೆನಪಾದವು.

ಅವರು ಕಡ್ಡಿಯನ್ನು ಹಿಂದಕ್ಕೆ ತೆಗೆದುಕೊಂಡರು. ವಾಚನ್ನು ನನ್ನ ಕಡೆ ತಿರುಗಿಸಿ ಇಟ್ಟರು. ತಾವು ಕುಳಿತ ಮಣೆಯಿಂದ ಎದ್ದು, ಅದನ್ನು ನನ್ನ ಮುಂದೆ ಸರಿಸಿ, ಕಡ್ಡಿಯನ್ನು ಚಾಚಿ ಕೇಳಿದರು:

"ಅಕ್ಕಾರ, ನಿಮ್ಮ ಕೈ ನಡಗೂದಿಲ್ಲಲ್ರಿ?"